'ಚಿತ್ರಕೃಪೆ: ಅಂತರ್ಜಾಲ' ಅಂದ್ರೆ ಯಾರು ಮಾರಾಯ್ರೆ?

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಒಬ್ಬರು ಓದುಗರು ಕೇಳಿದ್ರು, ನಾನು ಹವ್ಯಾಸಕ್ಕೆ ಫೋಟೋ ತೆಗೀತೇನೆ, ನಾಲ್ಕು ಜನ ನೋಡ್ಬೇಕು ಅಂತ ಆಸೆ, ಆನ್‌ಲೈನಲ್ಲಿ ಎಲ್ಲಿ ಹಾಕಿದ್ರೆ ಒಳ್ಳೇದು ಅಂತ. ಅದಕ್ಕೆ ನಿಮ್ಮವರು ಕೊಟ್ಟ ಉತ್ತರ ಮೂರೇ ಸಾಲು. ಇನ್‌ಸ್ಟಾಗ್ರಾಮಲ್ಲಿ ಅಕೌಂಟ್ ತೆರೀರಿ, ದಿನಾ ಹಾಕಿ, ರೀಲ್ಸ್ ಮಾಡಿ, ಫಾಲೋವರ್ಸ್ ತಾನಾಗಿ ಬರ್ತಾರೆ. ಮುಗೀತು. ಅಷ್ಟು ಸಾಲದ್ದಕ್ಕೆ ಆ ಉತ್ತರದ ಪಕ್ಕದಲ್ಲೇ ಮುಂಬಯಿಯ ಶಿವಡಿ ಕಡಲ ತೀರಕ್ಕೆ ಬರುವ ಫ್ಲೆಮಿಂಗೋ ಹಕ್ಕಿಗಳ ಒಂದು ಚಂದದ ಫೋಟೋ, ಅದರ ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ 'ಚಿತ್ರಕೃಪೆ: ಅಂತರ್ಜಾಲ'.

ಈ ಅಂತರ್ಜಾಲ ಅನ್ನುವ ಮನುಷ್ಯ ಯಾರು ಮಾರಾಯ್ರೆ? ನಿಮ್ಮ ಪೇಪರಿಗೆ ಎಲ್ಲರಿಗಿಂತ ಜಾಸ್ತಿ ಫೋಟೋ ತೆಗೆದು ಕೊಡುವವನು ಅವನೇ, ಒಂದು ದಿನ ರಜೆ ಹಾಕಿದ್ದಿಲ್ಲ, ಸಂಬಳ ಕೇಳಿದ್ದಿಲ್ಲ.

ಶಿವಡಿಯಲ್ಲಿ ಫ್ಲೆಮಿಂಗೋ ಫೋಟೋ ತೆಗೆಯುವುದು ಅಂದ್ರೆ ಎಂತ ಅಂತ ನಿಮಗೆ ಗೊತ್ತುಂಟಾ ಇಲ್ವಾ ನನಗೆ ಗೊತ್ತಿಲ್ಲ. ಹಾರ್ಬರ್ ಲೈನಿನ ಲೋಕಲ್ ಟ್ರೈನಲ್ಲಿ ಬಂದು ಇಳಿದು ಲಾರಿಗಳ ಮಧ್ಯೆ ಜೆಟ್ಟಿವರೆಗೆ ನಡೀಬೇಕು, ಅದಕ್ಕಿಂತ ಮೊದಲು ಭರತ ಇಳಿತದ ಟೈಮ್ ನೋಡಿಟ್ಟುಕೊಂಡಿರ್ಬೇಕು, ನೀರು ಪೂರ್ತಿ ಇಳಿದಿದ್ರೆ ಹಕ್ಕಿಗಳು ಕೆಸರಲ್ಲಿ ಎಲ್ಲೋ ದೂರ ಗುಲಾಬಿ ಗೆರೆ ಹಾಗೆ ಕಾಣ್ತವೆ, ಪೂರ್ತಿ ತುಂಬಿದ್ರೆ ಎದ್ದು ಹೋಗ್ತವೆ, ಮಧ್ಯದ ಆ ಒಂದೆರಡು ಗಂಟೆ ಮಾತ್ರ ನಮ್ಮದು. ಆ ವಾಸನೆಯಲ್ಲಿ ನಿಂತು ಯಾರೋ ಒಬ್ಬರು ತೆಗೆದ ಫೋಟೋ ಅದು. ಅವರಿಗೊಂದು ಹೆಸರು ಉಂಟು. ಅವರೂ ಒಂದು ದಿನ ಯಾರನ್ನೋ ಕೇಳಿರ್ಬೇಕು, ಎಲ್ಲಿ ಹಾಕಿದ್ರೆ ಒಳ್ಳೇದು ಅಂತ, ಯಾರೋ ಹೀಗೇ ಮೂರು ಸಾಲಲ್ಲಿ ಉತ್ತರ ಕೊಟ್ಟಿರ್ಬೇಕು.

ಅದಕ್ಕೆ ಈ ಪತ್ರ. ಉದ್ದ ಆಗ್ತದೆ, ಕತ್ತರಿ ಹಾಕುವುದಾದ್ರೆ ನಿಮ್ಮಿಷ್ಟ.

ನಾನು ಎಂತ ದೊಡ್ಡ ಫೋಟೋಗ್ರಾಫರ್ ಅಲ್ಲ. ಕುಂದಾಪುರದ ಕಡೆಯವ, 1991ರಲ್ಲಿ ಮುಂಬಯಿಗೆ ಬಂದದ್ದು, ಹಗಲು ಹೋಟೆಲು ರಾತ್ರಿ ಶಾಲೆ ಮಾಡಿಕೊಂಡು ಈಗ ನಾಲ್ಕೈದು ಹೋಟೆಲುಗಳ ಲೆಕ್ಕ ಬರೀತೇನೆ, ಮನೆ ಡೊಂಬಿವಲಿ. 2009ರಲ್ಲಿ ಫೋರ್ಟಿನ ಬೋರಾ ಬಜಾರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡೆ, ಹೆಂಡತಿಗೆ ಅದರ ನಿಜವಾದ ರೇಟು ಇವತ್ತಿಗೂ ಹೇಳಿಲ್ಲ, ಈ ಪತ್ರ ಅವಳು ಓದುವುದಿಲ್ಲ ಅಂತ ಧೈರ್ಯ. ಅವತ್ತಿಂದ ನನ್ನದು ಒಂದೇ ಹುಚ್ಚು, ನಮ್ಮವರ ಹಳೇ ಹೋಟೆಲುಗಳು. ಮಾಟುಂಗಾ, ಫೋರ್ಟ್, ಗಿರಗಾಂವ್, ದಾದರ್. ಕೈಯಲ್ಲಿ ಬರೆದ ತಿಂಡಿ ಬೋರ್ಡು, ಗಲ್ಲಾದ ಹಿಂದಿನ ದೇವರ ಫೋಟೋ, ಕಲ್ಲಿನ ಟೇಬಲ್ಲು, ಬೆಳಿಗ್ಗೆ ನಾಲ್ಕೂವರೆಗೆ ರುಬ್ಬುವ ಕಲ್ಲಿನ ಹತ್ರ ನಿಂತ ಭಟ್ರು. ಇದರಲ್ಲಿ ಅರ್ಧ ಹೋಟೆಲು ಈಗ ಇಲ್ಲ, ಒಂದು ಕಡೆ ಮೊಬೈಲ್ ಅಂಗಡಿ ಒಂದು ಕಡೆ ಬ್ಯಾಂಕು ಬಂದಿದೆ.

ಈ ಫೋಟೋಗಳನ್ನು ನಾನು 2010ರಿಂದ ಒಂದು ಸೈಟಲ್ಲಿ ಹಾಕ್ತಾ ಇದ್ದೆ. ಹೆಸರು ಬೇಡ. ಫ್ರೀ ಇತ್ತು, ಚಂದ ಇತ್ತು, ಕನ್ನಡದಲ್ಲಿ ಬರೆದ್ರೂ ಅಕ್ಷರ ಒಡೀತಿರಲಿಲ್ಲ. ಒಂದೊಂದು ಫೋಟೋದ ಕೆಳಗೆ ನಾನು ಆರಾರು ಸಾಲು ಬರೀತಿದ್ದೆ, ಈ ಹೋಟೆಲು ಯಾವ ವರ್ಷ ಶುರುವಾದದ್ದು, ಧಣಿ ಯಾವ ಊರಿನವರು, ಈ ಬೋರ್ಡು ಬರೆದವನು ಯಾರು. ಅದರ ಕೆಳಗೆ ಜನ ಬರೀತಿದ್ರು, ನಾನು 1968ರಲ್ಲಿ ಇಲ್ಲೇ ಕಪ್ಪು ಬಸಿ ತೊಳೀತಿದ್ದೆ, ಆಗ ಇಡ್ಲಿಗೆ ಇಷ್ಟಿತ್ತು, ಮೂಲೆಯಲ್ಲಿ ನಿಂತವರು ನಮ್ಮ ಚಿಕ್ಕಪ್ಪ ಅಂತೆಲ್ಲ. ಒಂದು ದಿನ ಸೈಟ್ ಮುಚ್ಚಿತು. ಮುಚ್ಚುವ ಮೊದಲು ಎಲ್ಲರಿಗೂ ಇಮೇಲ್ ಕಳಿಸಿದ್ರಂತೆ, ಅದು ಹೋದದ್ದು ನನ್ನ ಹಳೇ ಕೆಲಸದ ಇಮೇಲಿಗೆ, ಆ ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ತಪ್ಪು ಅರ್ಧ ನನ್ನದೇ.

ಫೋಟೋ ಹೋಗ್ಲಿಲ್ಲ, ಹಾರ್ಡ್‌ಡಿಸ್ಕಲ್ಲಿ ಇತ್ತು. ಹೋದದ್ದು ಅದರ ಕೆಳಗಿನ ಬರಹ. ಈಗ ನನ್ನ ಹತ್ರ ಒಬ್ಬ ಮುದುಕರ ಫೋಟೋ ಉಂಟು, ಕೈಯಲ್ಲಿ ಹಿತ್ತಾಳೆ ಡಬರಾ, ಹಿಂದೆ ಹೊಗೆ, ಬೆಳಕು ಅಂದ್ರೆ ಅಂಥ ಬೆಳಕು ಮತ್ತೆ ನನಗೆ ಸಿಗ್ಲಿಲ್ಲ. ಅವರು ಯಾರು, ಯಾವ ಹೋಟೆಲು, ಎಂತದೂ ನೆನಪಿಲ್ಲ. ಫೈಲಿನ ಹೆಸರು ಕ್ಯಾಮೆರಾ ತಾನೇ ಇಟ್ಟದ್ದು, ಡಿಎಸ್‌ಸಿ ಅಂತ ಶುರುವಾಗಿ ನಾಲ್ಕು ನಂಬರ್. ಅಷ್ಟೇ.

ಹಾಗಾಗಿ ಯಾರಾದ್ರೂ ಎಲ್ಲಿ ಫೋಟೋ ಹಾಕುವುದು ಅಂತ ಕೇಳಿದ್ರೆ ನಾನು ಮೊದಲು ಕೇಳುವುದು ಇದು, ಅಲ್ಲಿಂದ ವಾಪಸ್ ತರ್ಲಿಕ್ಕೆ ಆಗ್ತದಾ? ಫೋಟೋ ಮಾತ್ರ ಅಲ್ಲ, ಅದರ ಜೊತೆ ಬರೆದದ್ದೂ ಬರ್ತದಾ? ಮದುವೆ ಹಾಲಿಗೆ ಹೋದಾಗ ಚಪ್ಪಲಿ ಎಲ್ಲಿ ಬಿಟ್ಟೆವು ಅಂತ ನೆನಪಿಡ್ತೇವಲ್ಲ ಹಾಗೆ. ಇದೇನು ನನ್ನೊಬ್ಬನ ಹೆದರಿಕೆ ಅಲ್ಲ, ಗೆಳೆಯರನ್ನು ಸೇರಿಸುವ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕ್ತು, ಫೋಟೋ ಆಲ್ಬಮ್ ಇಡುವ ಪಿಕಾಸಾ 2016ರಲ್ಲಿ ಹೋಯ್ತು, ಊರೂರಿನ ಫೋಟೋ ಮ್ಯಾಪಿನ ಮೇಲೆ ಹಾಕುವ ಪನೋರಾಮಿಯೋ ಕೂಡ ಅದೇ ವರ್ಷ, ಗೂಗಲ್ ಪ್ಲಸ್ 2019ರ ಏಪ್ರಿಲಲ್ಲಿ. ಗೂಗಲಿನಂಥ ದೊಡ್ಡ ಧಣಿಯ ಅಂಗಡಿಗಳೇ ಇವೆಲ್ಲ.

ಎರಡನೇ ಪ್ರಶ್ನೆ, ಯಾರು ನೋಡ್ಬೇಕು. ನನ್ನ ಅಕ್ಕನ ಮಗ ಠಾಣೆಯಲ್ಲಿ ಮದುವೆ ಫೋಟೋ ತೆಗೀತಾನೆ, ಅವನಿಗೆ ನಿಮ್ಮವರ ಮೂರು ಸಾಲು ಸರಿಯಾಗಿ ಹೊಂದ್ತದೆ. ಮದುವೆ ಆಗುವ ಹುಡುಗಿ ಫೋನ್ ತೆಗೆದು ನೋಡುವುದು ಇನ್‌ಸ್ಟಾಗ್ರಾಮನ್ನೇ, ಅಲ್ಲಿಂದಲೇ ಅವನಿಗೆ ಬುಕಿಂಗ್ ಬರ್ತದೆ. 'ಮಾವ, ನಿನ್ನ ಹೋಟೆಲ್ ಬೋರ್ಡಿಗೂ ರೀಲ್ ಮಾಡಿ ಕೊಡ್ತೇನೆ, ಮ್ಯೂಸಿಕ್ ಹಾಕಿ' ಅಂತಾನೆ. ಬೇಡ ಮಾರಾಯ ಅಂದೆ. ಅವನಿಗೊಂದು ಮಾತು ಮಾತ್ರ ಹೇಳಿಟ್ಟಿದ್ದೇನೆ, ದುಡ್ಡು ತಗೊಂಡು ಇನ್ನೊಬ್ಬರು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರದ್ದೇ ಅಂತ ನಮ್ಮ 1957ರ ಕಾಪಿರೈಟ್ ಕಾನೂನಿನ 17ನೇ ಸೆಕ್ಷನ್ ಹೇಳ್ತದೆ, ಆದ್ದರಿಂದ ಮದುಮಗಳ ಫೋಟೋ ನಿನ್ನ ಪೇಜಿಗೆ ಹಾಕ್ಬೇಕಾದ್ರೆ ಬುಕಿಂಗ್ ಪೇಪರಲ್ಲೇ ಒಂದು ಸಾಲು ಬರೆಸ್ಕೋ ಅಂತ. ಎಷ್ಟು ಹುಡುಗರಿಗೆ ಇದು ಗೊತ್ತುಂಟು? ಕ್ಯಾಮೆರಾ ನನ್ನದು ಅಂದ್ರೆ ಫೋಟೋ ನನ್ನದು ಅಂತಲೇ ತಿಳ್ಕೊಂಡಿದ್ದಾರೆ.

ಇನ್‌ಸ್ಟಾಗ್ರಾಮ್ ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ಅಲ್ಲಿದ್ದೇನೆ. ಆದ್ರೆ ಅದು ಎಂತ ಜಾಗ ಅಂತ ಗೊತ್ತಿದ್ದು ಹೋಗ್ಬೇಕು. 2010ರಲ್ಲಿ ಶುರುವಾದಾಗ ಚೌಕದ ಫೋಟೋ ಮಾತ್ರ ಹಾಕ್ಲಿಕ್ಕೆ ಆಗ್ತಿತ್ತು, 2015ರವರೆಗೂ ಹಾಗೇ ಇತ್ತು, 2012ರಲ್ಲಿ ಫೇಸ್‌ಬುಕ್‌ನವರು ಕೊಂಡ್ಕೊಂಡ್ರು, 2021ರ ಜೂನಲ್ಲಿ ಅದರ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ಅವರೇ ವೀಡಿಯೋದಲ್ಲಿ ಹೇಳಿಬಿಟ್ರು, ನಾವೀಗ ಫೋಟೋ ಹಂಚುವ ಆ್ಯಪ್ ಅಲ್ಲ ಅಂತ. ಅಂಗಡಿಯವನೇ ನಾನು ದೋಸೆ ಮಾಡುವುದು ಬಿಟ್ಟೆ ಅಂತ ಹೇಳಿದ ಮೇಲೂ ದೋಸೆಗೆ ಅಲ್ಲಿಗೇ ಹೋಗಿ ಅಂತ ಕಳಿಸ್ತೀರಲ್ಲ ನೀವು.

ನಾನು ಲೆಕ್ಕದವ, ಲೆಕ್ಕದಲ್ಲೇ ಹೇಳ್ತೇನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಅಂದ್ರೆ 6000 ಅಡ್ಡ 4000 ಉದ್ದ, ಒಟ್ಟು 2.4 ಕೋಟಿ ಚುಕ್ಕಿ. ಇನ್‌ಸ್ಟಾಗ್ರಾಮಿನ ಅಗಲ 1080 ಚುಕ್ಕಿ. ಅಡ್ಡ ಫೋಟೋ ಹಾಕಿದ್ರೆ 1080ಕ್ಕೆ 720, ಗುಣಿಸಿ ನೋಡಿ, ಎಂಟು ಲಕ್ಷವೂ ಆಗುವುದಿಲ್ಲ. ನೂರು ರೂಪಾಯಿ ಕೊಟ್ಟು ಮೂರೂಕಾಲು ರೂಪಾಯಿ ವಾಪಸ್ ತಗೊಂಡ ಹಾಗೆ. ಒಬ್ಬ ಮನುಷ್ಯನ ಮುಖ ಆದ್ರೆ ಅಷ್ಟು ಸಾಕು, ಫೋನಲ್ಲಿ ಚಂದವೇ ಕಾಣ್ತದೆ. ಶಿವಡಿಯ ಸಾವಿರ ಹಕ್ಕಿಯ ಸಾಲು ಹಾಕಿ ನೋಡಿ, ಉಪ್ಪಿಟ್ಟಿನ ಒಗ್ಗರಣೆ ಹಾಗೆ ಕಾಣ್ತದೆ. ಬೋರ್ಡಿನ ಸಣ್ಣ ಅಕ್ಷರ, ಮಸಾಲೆ ದೋಸೆ ಎಷ್ಟು ಪೈಸೆ ಅಂತ ಬರೆದದ್ದು, ಓದ್ಲಿಕ್ಕೇ ಆಗುವುದಿಲ್ಲ, ನನ್ನ ಫೋಟೋದಲ್ಲಿ ಇರುವುದೇ ಅದು! ಯಾವ ಲೆನ್ಸು, ಯಾವ ದಿನ ತೆಗೆದದ್ದು ಅನ್ನುವ ಕ್ಯಾಮೆರಾದ ಮಾಹಿತಿಯೂ ಅಲ್ಲಿ ನೋಡುವವರಿಗೆ ಕಾಣುವುದಿಲ್ಲ. ಫೋಟೋದ ಕೆಳಗೆ ಲಿಂಕ್ ಬರೆದ್ರೆ ಒತ್ತಿದ್ರೂ ತೆರೆಯುವುದಿಲ್ಲ. ಇಷ್ಟು ಗೊತ್ತಿದ್ದು ಅದನ್ನು ಬೋರ್ಡಿನ ಹಾಗೆ ಇಟ್ಕೊಳ್ಳಿ, ಒಳಗೆ ತಿಂಡಿ ಉಂಟು ಅಂತ ರಸ್ತೆಗೆ ತಿಳಿಸ್ಲಿಕ್ಕೆ. ಗೋದಾಮು ಮಾಡ್ಬೇಡಿ.

ಮತ್ತೊಂದು, ಇನ್‌ಸ್ಟಾಗ್ರಾಮಲ್ಲಿ ಪಬ್ಲಿಕ್ ಆಗಿ ಹಾಕಿದ್ದನ್ನು ತಮ್ಮ ಎಐ ತರಬೇತಿಗೆ ಬಳಸ್ತೇವೆ ಅಂತ ಅದರ ಧಣಿ ಮೆಟಾದವರೇ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಹೇಳಿದ್ದಾರೆ. 2024ರಲ್ಲಿ ಇದೇ ಸಿಟ್ಟಿಗೆ ಎಷ್ಟೋ ಚಿತ್ರಕಾರರು ಕಾರಾ ಅನ್ನುವ ಹೊಸ ಆ್ಯಪಿಗೆ ಎದ್ದು ಹೋದ್ರು. ನನ್ನ ಹೋಟೆಲ್ ಬೋರ್ಡ್ ನೋಡಿ ಮಿಷನ್ನು ಕನ್ನಡ ಕಲಿತ್ರೆ ನನಗೇನು ಬೇಸರ ಇಲ್ಲ, ಆದ್ರೆ ಹೊಟ್ಟೆಪಾಡಿಗೆ ಚಿತ್ರ ಬಿಡಿಸುವವರ ಕತೆ ಬೇರೆ.

ಇನ್ನು ಫ್ಲಿಕರ್, ಫೋಟೋ ಹಾಕುವ ಹಳೇ ಸೈಟು. ಇದರ ಬಗ್ಗೆ ನಿಮ್ಮವರು ಒಂದಕ್ಷರ ಬರೀಲಿಲ್ಲ, ಈಗಿನ ಹುಡುಗರು ಅದು ಇನ್ನೂ ಬದುಕುಂಟಾ ಅಂತ ಕೇಳ್ತಾರೆ. ಬದುಕುಂಟು. 2004ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಒಂದು ಗೇಮ್ ಮಾಡ್ಲಿಕ್ಕೆ ಹೊರಟ ಕಂಪನಿ ಮಧ್ಯದಲ್ಲಿ ಫೋಟೋ ಸೈಟ್ ಮಾಡಿ ಬಿಟ್ಟದ್ದು ಅದು, ಮರುವರ್ಷ ಯಾಹೂದವರು ಕೊಂಡ್ರು, 2013ರಲ್ಲಿ ಎಲ್ಲರಿಗೂ ಒಂದು ಟೆರಾಬೈಟ್ (ಸಾವಿರ ಜಿಬಿ) ಜಾಗ ಫ್ರೀ ಅಂತ ಘೋಷಣೆ ಮಾಡಿದ್ರು, ಜನ ಮನೆಯ ಕಸ ಸಮೇತ ತುಂಬಿಸಿದ್ರು. 2018ರಲ್ಲಿ ಸ್ಮಗ್‌ಮಗ್ ಅನ್ನುವ ಇನ್ನೊಂದು ಫೋಟೋ ಕಂಪನಿಯವರ ಕೈಗೆ ಬಂತು, ಅದೇ ನವೆಂಬರಲ್ಲಿ ಅವರು ಹೇಳಿದ್ರು, ಫ್ರೀ ಅಕೌಂಟಿಗೆ ಇನ್ನು 1000 ಫೋಟೋ ಮಾತ್ರ, ಜಾಸ್ತಿ ಇದ್ರೆ ದುಡ್ಡು ಕಟ್ಟಿ ಇಲ್ಲಾ ಇಳಿಸ್ಕೊಳ್ಳಿ, ಇಲ್ದಿದ್ರೆ ಹಳೇದರಿಂದ ಶುರು ಮಾಡಿ ತೆಗೀತೇವೆ ಅಂತ. ದೊಡ್ಡ ಗಲಾಟೆ ಆಯ್ತು. ನಾನು ಆ ಗಲಾಟೆಯಲ್ಲಿ ಸೇರ್ಲಿಲ್ಲ, ಯಾಕಂದ್ರೆ ನಾನು ಹೋಟೆಲಿನ ಲೆಕ್ಕ ಬರೆಯುವವ, ಫ್ರೀ ಊಟ ಹಾಕಿ ಎಷ್ಟು ದಿನ ಗಲ್ಲಾ ನಡೀತದೆ ಅಂತ ನನಗೆ ಗೊತ್ತುಂಟು. ಮುಖ ಮುಚ್ಚಿ ನಮ್ಮನ್ನೇ ಮಾರುವವನಿಗಿಂತ ಬಿಲ್ ಕೊಡುವವನು ಒಳ್ಳೇದು.

ಸಾವಿರ ಕಡಿಮೆ ಅಂತ ಅನ್ನುವವರಿಗೆ ನನ್ನದೊಂದು ಮಾತು. ಇಷ್ಟು ವರ್ಷದಲ್ಲಿ ನಾನು ಒತ್ತಿದ್ದು ಲಕ್ಷದ ಹತ್ರ, ಇನ್ನೊಬ್ಬರಿಗೆ ತೋರಿಸಬಹುದು ಅಂತ ಅನ್ನಿಸಿದ್ದು ಇವತ್ತಿಗೂ ಸಾವಿರ ದಾಟ್ಲಿಲ್ಲ. ಅದರಲ್ಲೂ ಒಂದಿನ್ನೂರು ನಾಚಿಕೆ ಬಿಟ್ಟು ಇಟ್ಟದ್ದು.

ಫ್ಲಿಕರಿನಲ್ಲಿ ನನಗೆ ಹಿಡಿಸಿದ್ದು ಆಲ್ಬಮ್ ಮಾಡುವ ಕ್ರಮ. ಹೋಟೆಲಿಗೊಂದು ಆಲ್ಬಮ್, ಗಿರಗಾಂವಿಗೊಂದು ಕಲೆಕ್ಷನ್, ಪ್ರತಿ ಫೋಟೋಕ್ಕೂ ಕನ್ನಡದಲ್ಲಿ ಉದ್ದ ಬರೀಬಹುದು, ಕ್ಯಾಮೆರಾದ ಮಾಹಿತಿ ಅಲ್ಲೇ ಕಾಣ್ತದೆ, ಹೊಸದಾಗಿ ಕಲಿಯುವವನಿಗೆ ಅದೇ ಪಾಠ. ಇದು ನನ್ನ ಹಕ್ಕು ಮುಟ್ಟಬೇಡಿ ಅಂತಲೂ ಹಾಕ್ಬಹುದು, ಹೆಸರು ಹಾಕಿ ಬಳಸಿ ಅಂತ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸೂ ಹಾಕ್ಬಹುದು, ಫೋಟೋ ಫೋಟೋಕ್ಕೆ ಬೇರೆ ಬೇರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ತನ್ನ ಹಳೇ ಫೋಟೋಗಳನ್ನು ಅಲ್ಲಿ ಹಾಕಿ, ಇದರಲ್ಲಿ ಯಾರಿದ್ದಾರೆ ಎಲ್ಲಿದು ಅಂತ ನಿಮಗೆ ಗೊತ್ತಿದ್ರೆ ಹೇಳಿ ಅಂತ ಜನರನ್ನೇ ಕೇಳ್ತು. ನೋಡಿ, ನಾನು ಕಳ್ಕೊಂಡದ್ದು ಅದೇ. ತೊಂದರೆ ಎಂತ ಅಂದ್ರೆ ನಮ್ಮ ಜನ ಅಲ್ಲಿಲ್ಲ. ನಾನು ಹಾಕಿದ ಉಡುಪಿ ಹೋಟೆಲ್ ಬೋರ್ಡಿಗೆ ಎಲ್ಲೋ ಹಾಲೆಂಡಿನವನು 'ಚಂದ ಬಣ್ಣ' ಅಂತಾನೆ, ಕುಂದಾಪುರದವನು ಬರುವುದೇ ಇಲ್ಲ.

ಕುಂದಾಪುರದವನು ಇರುವುದು ವಾಟ್ಸಾಪಲ್ಲಿ, ಸ್ವಲ್ಪ ಫೇಸ್‌ಬುಕ್ಕಲ್ಲಿ. ವಾಟ್ಸಾಪಲ್ಲಿ ಫೋಟೋ ಕಳಿಸುವುದು ಅಂದ್ರೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ, ಒಬ್ಬರಿಂದ ಒಬ್ಬರಿಗೆ ಹೋಗಿ ಹೋಗಿ ಕೊನೆಗೆ ಬಣ್ಣವೂ ಇರುವುದಿಲ್ಲ ತೆಗೆದವನ ಹೆಸರೂ ಇರುವುದಿಲ್ಲ, ಸ್ಟೇಟಸ್ ಆದ್ರೆ 24 ಗಂಟೆಗೆ ಮಾಯ. ಫೋಟೋ ಹಾಳಾಗದ ಹಾಗೆ ಕಳಿಸ್ಬೇಕು ಅಂದ್ರೆ ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳಿಸಿ, ಇದ್ದ ಹಾಗೇ ಹೋಗ್ತದೆ. ನಾನೀಗ ಊರಿನ ಗ್ರೂಪಿಗೆ ಫೋಟೋ ಹಾಕುವುದಿಲ್ಲ, ಫ್ಲಿಕರಿನ ಲಿಂಕ್ ಹಾಕ್ತೇನೆ. ಹತ್ತರಲ್ಲಿ ಇಬ್ಬರು ಒತ್ತುತ್ತಾರೆ, ಆ ಇಬ್ಬರು ಫೋನ್ ಮಾಡ್ತಾರೆ, ಅವರು ಹೇಳಿದ್ದನ್ನು ನಾನು ಫೋಟೋದ ಕೆಳಗೆ ಬರೀತೇನೆ. ನಿಧಾನ, ಆದ್ರೆ ನಡೀತಾ ಉಂಟು.

ಗೂಗಲ್ ಫೋಟೋಸ್ ಬಗ್ಗೆ ಸುಮಾರು ಜನಕ್ಕೆ ತಪ್ಪು ತಿಳುವಳಿಕೆ. ಅದು ಕಪಾಟು, ಪ್ರದರ್ಶನದ ಜಾಗ ಅಲ್ಲ. 2015ರಲ್ಲಿ ಎಷ್ಟು ಬೇಕಾದ್ರೂ ಇಡಿ ಅಂದ್ರು, 2021ರ ಜೂನ್ 1ರಿಂದ ಎಲ್ಲ ಸೇರಿ 15 ಜಿಬಿ ಲೆಕ್ಕಕ್ಕೆ ಬಂತು, ಇಮೇಲೂ ಅದರಲ್ಲೇ. ಮನೆ ಮಂದಿಗೆ ಆಲ್ಬಮ್ ತೋರಿಸ್ಲಿಕ್ಕೆ ಬಹಳ ಒಳ್ಳೇದು, ಅಷ್ಟೇ. ಗ್ಲಾಸ್ ಅಂತ ಇನ್ನೊಂದು ಉಂಟು, ದುಡ್ಡು ಕಟ್ಟಿ ಸೇರುವುದು, ಜಾಹೀರಾತು ಇಲ್ಲ. ಪಿಕ್ಸೆಲ್‌ಫೆಡ್ ಅಂತ ಉಂಟು, ಯಾವ ಒಬ್ಬ ಧಣಿಯದ್ದೂ ಅಲ್ಲ, ನೋಡ್ಲಿಕ್ಕೆ ಹಳೇ ಇನ್‌ಸ್ಟಾಗ್ರಾಮ್ ಹಾಗೇ. ನನಗೆ ಗೊತ್ತಿದ್ದವರು ಎರಡರಲ್ಲೂ ಯಾರೂ ಇಲ್ಲ, ಇದ್ದವರು ಬರೆದು ತಿಳಿಸ್ಲಿ.

ವಾಪಸ್ ತರುವುದರ ಬಗ್ಗೆ ಹೇಳ್ತಿದ್ದೆ. ಹೆಚ್ಚಿನ ದೊಡ್ಡ ಸೈಟುಗಳಲ್ಲಿ ಡೌನ್‌ಲೋಡ್ ಮಾಡುವ ಬಟನ್ ಉಂಟು, ಅದರ ಮೇಲೆ ನಂಬಿಕೆ ಇಟ್ಟು ಕೂರ್ಬೇಡಿ, ಒಮ್ಮೆ ಒತ್ತಿ ನೋಡಿ ಎಂತ ಬರ್ತದೆ ಅಂತ. ಗೂಗಲಿನ ಟೇಕ್‌ಔಟಲ್ಲಿ, ಅಂದ್ರೆ ನಮ್ಮದನ್ನೆಲ್ಲ ಇಳಿಸ್ಕೊಳ್ಳುವ ಸೌಲಭ್ಯದಲ್ಲಿ, ಫೋಟೋ ಬೇರೆ, ನೀವು ಬರೆದ ವಿವರ ಬೇರೆ, ಪ್ರತಿ ಫೋಟೋಕ್ಕೆ ಒಂದೊಂದು ಜೇಸನ್ ಅನ್ನುವ ಫೈಲು ಪಕ್ಕದಲ್ಲಿ ಕೂತಿರ್ತದೆ. ಇನ್‌ಸ್ಟಾಗ್ರಾಮಿನಿಂದ ಜೇಸನ್ ರೂಪದಲ್ಲಿ ಇಳಿಸಿದ್ರೆ ಕನ್ನಡ ಅಕ್ಷರ ಎಲ್ಲ ಒಡೆದು ಏನೇನೋ ಚಿಹ್ನೆ ಬರ್ತದೆ, ಬ್ರೌಸರಲ್ಲಿ ತೆರೆಯುವ ಎಚ್‌ಟಿಎಂಎಲ್ ಅಂತ ಆರಿಸಿದ್ರೆ ಓದ್ಲಿಕ್ಕೆ ಬರ್ತದೆ. ಇಂಗ್ಲಿಷಲ್ಲಿ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ, ಆದ್ದರಿಂದ ಅವರ್ಯಾರೂ ಇದನ್ನು ಹೇಳುವುದೂ ಇಲ್ಲ.

ಎಲ್ಲದಕ್ಕಿಂತ ಭದ್ರ ಅಂದ್ರೆ ವಿವರವನ್ನು ಫೋಟೋ ಫೈಲಿನ ಹೊಟ್ಟೆಯೊಳಗೇ ಬರೆದು ಬಿಡುವುದು. ಐಪಿಟಿಸಿ ಅಂತ ಅದಕ್ಕೊಂದು ಪದ್ಧತಿ ಉಂಟು, ಸುದ್ದಿ ಸಂಸ್ಥೆಗಳ ಒಕ್ಕೂಟವೇ ಮಾಡಿದ್ದು, ನಿಮ್ಮ ಫೋಟೋ ಡೆಸ್ಕಿನವರಿಗೆ ಚೆನ್ನಾಗಿ ಗೊತ್ತಿರ್ತದೆ. ಡಿಜಿಕ್ಯಾಮ್ ಅನ್ನುವ ಫ್ರೀ ಸಾಫ್ಟ್‌ವೇರಲ್ಲಿ ನಾನು ಕನ್ನಡದಲ್ಲೇ ತುಂಬಿಸ್ತೇನೆ, ಹೆಸರು, ಜಾಗ, ವರ್ಷ, ಯಾರು ಹೇಳಿದ್ದು. ಫ್ಲಿಕರಿಗೆ ಹಾಕಿದಾಗ ಅಲ್ಲಿ ತಾನಾಗಿ ಕಾಣ್ತದೆ, ಮತ್ತೆ ಟೈಪ್ ಮಾಡುವ ಕೆಲಸ ಇಲ್ಲ. ನಾಳೆ ಸೈಟ್ ಮುಚ್ಚಿದ್ರೂ ಫೈಲಲ್ಲಿ ಇರ್ತದೆ. ಇದು ನನಗೆ 2010ರಲ್ಲಿ ಗೊತ್ತಿದ್ದಿದ್ರೆ ಆ ಡಬರಾ ಹಿಡಿದ ಮುದುಕರ ಹೆಸರು ಇವತ್ತು ಇರ್ತಿತ್ತು. ಹೊಟ್ಟೆ ಉರೀತದೆ.

ಫೈಲಿನ ಹೊಟ್ಟೆಯಲ್ಲಿ ನೀವು ಬರೆಯದೇ ಇದ್ದದ್ದೂ ಇರ್ತದೆ, ಅದೂ ನೆನಪಿರ್ಲಿ. ಫೋನಲ್ಲಿ ಲೊಕೇಶನ್ ಆನ್ ಇಟ್ಟು ತೆಗೆದದ್ದಾದ್ರೆ ನೀವು ನಿಂತ ಜಾಗದ ಅಕ್ಷಾಂಶ ರೇಖಾಂಶ ಸಮೇತ. ಮನೆ ಒಳಗಿನ ಮಕ್ಕಳ ಫೋಟೋ, ಗೂಬೆ ಗೂಡಿನ ಫೋಟೋ ಹಾಕುವಾಗ ಅದನ್ನು ತೆಗೆದು ಹಾಕಿ.

ವಿಕಿಮೀಡಿಯಾ ಕಾಮನ್ಸ್ ಒಂದು ಉಳೀತು, ಇದರ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ವಿಕಿಪೀಡಿಯಾದಲ್ಲಿ ಕಾಣುವ ಫೋಟೋಗಳಲ್ಲಿ ಹೆಚ್ಚಿನದ್ದು ಇರುವುದು ಅಲ್ಲೇ, 2004ರಿಂದ ಉಂಟು, ಪೂರ್ತಿ ಸೈಜಿನ ಫೋಟೋ ಇದ್ದ ಹಾಗೇ ಇಡ್ತಾರೆ, ದುಡ್ಡಿಲ್ಲ, ಜಾಹೀರಾತಿಲ್ಲ, ಲೈಕೂ ಇಲ್ಲ. ಹೋಟೆಲಿನ ಕಟ್ಟಡ, ಮಾಟುಂಗಾದ ಹೂವಿನ ಅಂಗಡಿ ಸಾಲು, ಸ್ಟೇಷನ್ನು, ಇಂಥದ್ದನ್ನೆಲ್ಲ ನಾನು ಅಲ್ಲಿ ಹಾಕ್ತೇನೆ. ಸಾರ್ವಜನಿಕ ಜಾಗದ ಕಟ್ಟಡದ ಫೋಟೋಕ್ಕೆ ನಮ್ಮ ಕಾನೂನಲ್ಲಿ ಅಡ್ಡಿ ಇಲ್ಲ. ಆದ್ರೆ ಒಂದು ಕಂಡೀಶನ್, ಅಲ್ಲಿ ಕೊಟ್ಟದ್ದು ಕೊಟ್ಟ ಹಾಗೆ, ಯಾರು ಬೇಕಾದ್ರೂ ವ್ಯಾಪಾರಕ್ಕೂ ಬಳಸ್ಬಹುದು, ನಾಳೆ ಮನಸ್ಸು ಬದಲಾಯ್ತು ಅಂತ ಆ ಲೈಸೆನ್ಸ್ ವಾಪಸ್ ತಗೊಳ್ಳುವ ಹಾಗಿಲ್ಲ. ಹೆಸರು ಹಾಕ್ಬೇಕು, ಬದಲಾಯಿಸಿ ಹಂಚಿದ್ರೆ ಅದೇ ಲೈಸೆನ್ಸಲ್ಲಿ ಹಂಚ್ಬೇಕು ಅಂತ ಮಾತ್ರ ನಾವು ಕೇಳ್ಬಹುದು. ದೇವಸ್ಥಾನಕ್ಕೆ ಗಂಟೆ ಕೊಟ್ಟ ಹಾಗೆ ಅಂತ ತಿಳ್ಕೊಳ್ಳಿ, ಬಾರಿಸುವವರು ಯಾರೋ, ಹೆಸರು ಗಂಟೆಯ ಮೇಲೆ ಇರ್ತದೆ. ಕನ್ನಡ ವಿಕಿಪೀಡಿಯಾದ ಒಂದು ಪುಟದಲ್ಲಿ ನನ್ನ ಫೋಟೋ ನೋಡಿದ ದಿನ ನಾನು ಡೊಂಬಿವಲಿ ಫಾಸ್ಟ್ ಲೋಕಲಲ್ಲಿ ಪಕ್ಕದ ಗುಜರಾತಿಗೆ ಫೋನ್ ತೋರಿಸಿದ್ದೆ, ಅವನಿಗೆ ಕನ್ನಡ ಬರುವುದಿಲ್ಲ, ಆದ್ರೂ ಅಚ್ಛಾ ಅಚ್ಛಾ ಅಂದ.

ಕಾಮನ್ಸಲ್ಲಿ ನಾನು ಮನುಷ್ಯರ ಮುಖ ಹಾಕುವುದಿಲ್ಲ. ಅದಕ್ಕೊಂದು ಕಾರಣ ಉಂಟು. ದಾದರಿನ ಒಂದು ಹೋಟೆಲಿನ ಭಟ್ರ ಫೋಟೋ ತೆಗ್ದಿದ್ದೆ, ಬೆಂಕಿ ಬೆಳಕು ಮುಖದ ಮೇಲೆ, ಭಾರೀ ಬಂದಿತ್ತು, ಕೇಳಿಯೇ ಹಾಕಿದ್ದು. ಒಂದು ತಿಂಗಳು ಬಿಟ್ಟು ಅವರೇ ಫೋನ್ ಮಾಡಿದ್ರು. 'ಫೋಟೋ ಒಳ್ಳೇದುಂಟು, ಆದ್ರೆ ಬನಿಯನ್ನಿನ ತೂತು ಕಾಣ್ತದೆ ಮಾರಾಯ್ರೆ, ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ, ಹುಡುಗನ ಕಡೆಯವರು ಕಂಡ್ರೆ ಎಂತ ಹೇಳ್ತಾರೆ.' ನನಗೆ ಆ ತೂತು ಕಂಡೇ ಇರಲಿಲ್ಲ, ನಾನು ಬೆಳಕು ನೋಡ್ತಿದ್ದೆ. ಫ್ಲಿಕರಲ್ಲಿ ಇದ್ದದ್ದಕ್ಕೆ ಹತ್ತು ಸೆಕೆಂಡಲ್ಲಿ ಪ್ರೈವೇಟ್ ಮಾಡಿದೆ. ವಾಟ್ಸಾಪಲ್ಲಿ ಹಂಚಿದ್ದಿದ್ರೆ ಯಾರ ಕಾಲು ಹಿಡೀಬೇಕಿತ್ತು? ಮಗಳ ಮದುವೆ ಆಯ್ತು, ಊಟಕ್ಕೆ ಹೋಗಿದ್ದೆ, ಆ ಫೋಟೋವನ್ನು ದೊಡ್ಡದು ಪ್ರಿಂಟ್ ಹಾಕಿಸಿ ಕೊಟ್ಟೆ, ಈಗ ಅವರ ಮನೆ ಗೋಡೆಯಲ್ಲಿ ಉಂಟು. ತೂತು ಸಮೇತ.

ಕಳ್ಳತನದ ಬಗ್ಗೆ ಹೇಳದಿದ್ರೆ ಪತ್ರ ಪೂರ್ತಿ ಆಗುವುದಿಲ್ಲ. ಎರಡು ವರ್ಷದ ಹಿಂದೆ ಒಂದು ತಿಂಡಿ ಪೇಜಿನವರು ನಾನು ಮಾಟುಂಗಾದಲ್ಲಿ ತೆಗೆದ ಫಿಲ್ಟರ್ ಕಾಫಿ ಫೋಟೋವನ್ನು 'ಬೆಂಗಳೂರಿನ ನೂರು ವರ್ಷದ ಹೋಟೆಲ್' ಅಂತ ಹಾಕಿದ್ರು. ಹಿಂದುಗಡೆ ಮುಂಬಯಿಯ ಬೆಸ್ಟ್ ಬಸ್ಸು ಹೋಗ್ತಾ ಉಂಟು, ಅದೂ ಕಾಣ್ಲಿಲ್ಲ ಅವರಿಗೆ. ನಾನು ಮೆಸೇಜ್ ಮಾಡಿದ್ರೆ 'ಪ್ರೂಫ್ ಏನು ಬ್ರೋ' ಅಂತ ಉತ್ತರ. ಆ ಫೋಟೋದ ಹಿಂದಿನ ಎರಡು, ಮುಂದಿನ ಮೂರು ಫೋಟೋ ಕಳಿಸಿದೆ, ಬಸ್ಸು ಬರುವುದು, ಬಸ್ಸು ದಾಟುವುದು. ಮರುದಿನ ತೆಗೆದ್ರು. ಅದಕ್ಕೇ ಹೇಳುವುದು, ಸೈಟಿಗೆ ಹಾಕಿದ ಮೇಲೆ ಅಕ್ಕಪಕ್ಕದ ಫೋಟೋ ಡಿಲೀಟ್ ಮಾಡ್ಬೇಡಿ, ಸಾಕ್ಷಿ ಅದೇ. ಫೋಟೋದ ಮಧ್ಯದಲ್ಲಿ ದೊಡ್ಡದಾಗಿ ಹೆಸರು ಬರೆಯುವುದು ನನಗೆ ಸೇರುವುದಿಲ್ಲ, 'ಇಲ್ಲಿ ಗಾಡಿ ನಿಲ್ಲಿಸಬಾರದು' ಅಂತ ದೇವಸ್ಥಾನದ ಗೋಡೆಗೆ ಬರೆದ ಹಾಗೆ ಕಾಣ್ತದೆ.

ಕಾನೂನು ನಮ್ಮ ಕಡೆ ಉಂಟು, ರಿಜಿಸ್ಟರ್ ಮಾಡಿಸ್ಬೇಕು ಅಂತ ಎಂತದೂ ಇಲ್ಲ, ತೆಗೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ, 2012ರ ತಿದ್ದುಪಡಿ ಆದ ಮೇಲೆ ಫೋಟೋಕ್ಕೂ ತೆಗೆದವನ ಜೀವಮಾನ ಮತ್ತೆ 60 ವರ್ಷ, ಪುಸ್ತಕ ಬರೆದವನಿಗೆ ಇದ್ದ ಹಾಗೇ. ಹಕ್ಕು ಮಾರಿದ ಮೇಲೂ ಇದು ನನ್ನ ಕೆಲಸ ಅಂತ ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನಲ್ಲಿ ಉಳೀತದೆ. ಸೈಟಿಗೆ ಹಾಕಿದ್ರೆ ಹಕ್ಕು ಸೈಟಿನದ್ದಾಗ್ತದೆ ಅಂತ ಕೆಲವರಿಗೆ ಹೆದರಿಕೆ, ಹಾಗಲ್ಲ, ತೋರಿಸ್ಲಿಕ್ಕೆ ಬಳಸ್ಲಿಕ್ಕೆ ಪರ್ಮಿಶನ್ ಕೊಟ್ಟ ಹಾಗೆ ಆಗ್ತದೆ, ಮಾಲೀಕ ನೀವೇ. 'ಅಂತರ್ಜಾಲ' ಮಾಲೀಕ ಅಂತ ಯಾವ ಸೆಕ್ಷನಲ್ಲೂ ಬರೆದಿಲ್ಲ.

ಈಗ ನನ್ನ ಸಂಸಾರ ಹೀಗುಂಟು. ಮನೆಯಲ್ಲಿ ಒಂದು ಹಾರ್ಡ್‌ಡಿಸ್ಕು, ಅಕ್ಕನ ಮನೆ ಮುಲುಂಡಲ್ಲಿ ಇನ್ನೊಂದು, ಯಾಕಂದ್ರೆ 2005ರ ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನನ್ನ ಕೆಳಗಿನ ಮಾಳಿಗೆಯ ರೂಮಲ್ಲಿ ಅಪ್ಪನ ಕಾಲದ ಫೋಟೋ ಎಲ್ಲ ಅಂಟಿಕೊಂಡು ಹಪ್ಪಳ ಆದದ್ದನ್ನು ನೋಡಿದವ ನಾನು. ಫ್ಲಿಕರಲ್ಲಿ ಆಲ್ಬಮ್, ಕಾಮನ್ಸಲ್ಲಿ ಕಟ್ಟಡಗಳು, ಇನ್‌ಸ್ಟಾಗ್ರಾಮಲ್ಲಿ ವಾರಕ್ಕೊಂದು ಬೋರ್ಡಿನ ತುಂಡು. ಅಲ್ಲಿ ನನಗೆ ಫಾಲೋವರ್ಸ್ 212. ಅದರಲ್ಲಿ ಮೂವತ್ತು ಜನ ಸೀರೆ ಮಾರುವವರು.

ನಿಮ್ಮ ಆ ಓದುಗರು ಪಕ್ಷಿ ತೆಗೀತಾರಾ, ಮದುವೆ ತೆಗೀತಾರಾ, ಮನೆ ಮಕ್ಕಳದ್ದಾ ಅಂತ ನಿಮ್ಮವರು ಒಮ್ಮೆ ಕೇಳಿದ್ದಿದ್ರೆ ಉತ್ತರ ಬೇರೆ ಬೇರೆ ಆಗ್ತಿತ್ತು. ದಯವಿಟ್ಟು ಈ ಪತ್ರವನ್ನು ಅವರಿಗೆ ತಲುಪಿಸಿ. ಶಿವಡಿಯ ಆ ಫೋಟೋ ಯಾರದ್ದು ಅಂತ ಹುಡುಕಿ ಮುಂದಿನ ಭಾನುವಾರ ಒಂದು ಸಾಲು ಹಾಕಿ, ಫೋಟೋ ಕೊಟ್ಟು ಹುಡುಕುವ ಸೌಲಭ್ಯ ಗೂಗಲಲ್ಲೇ ಉಂಟು, ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಇದರ ಜೊತೆ ಆ ಡಬರಾ ಹಿಡಿದ ಮುದುಕರ ಫೋಟೋ ಕಳಿಸಿದ್ದೇನೆ, ಪೂರ್ತಿ ಸೈಜಿನದ್ದು. ನಿಮ್ಮ ಪೇಪರ್ ಮುಂಬಯಿಯ ಹಳೇ ಹೋಟೆಲಿನವರ ಮನೆಗಳಿಗೆ ಇನ್ನೂ ಹೋಗ್ತದೆ, ಯಾರಾದ್ರೂ ಗುರ್ತು ಹಿಡೀಬಹುದು, 2010 ಇಲ್ಲಾ 2011ರಲ್ಲಿ ತೆಗೆದದ್ದು, ಗಿರಗಾಂವ್ ಇರ್ಬೇಕು ಅಂತ ನನಗೆ ಅನುಮಾನ. ಅವರ ಮನೆಯವರು ಹಾಕ್ಬೇಡಿ ಅಂದ್ರೆ ತೆಗೆದು ಬಿಡಿ. ಪತ್ರದ ಕೆಳಗೆ ನನ್ನ ಹೆಸರು ಬರದಿದ್ರೂ ಅಡ್ಡಿ ಇಲ್ಲ, ಫೋಟೋದ ಕೆಳಗೆ ಮಾತ್ರ ಬಿಡ್ಬೇಡಿ.

ಇಂತಿ,
ನಿಮ್ಮ ಹಳೇ ಓದುಗ,
ಡೊಂಬಿವಲಿ